ಎದ್ದ ಬೇರಿನ ಬೋನ್ಸಾಯ್: ಚಿಕ್ಕಮಗಳೂರು, ಹಾಸನ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯ ಮಹಡಿ ಮೇಲೆ ಬೇರುಗಳನ್ನೇ ಕಾಲು ಮಾಡಿಕೊಂಡು ನಿಂತ ಗಿಡಗಳಿವೆ. ನೋಡಿದವರೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಅವಕ್ಕೆಲ್ಲ ಇಲ್ಲಿ ಉತ್ತರ ಬರೆದಿದ್ದೇನೆ. ಇಲ್ಲಿ ಹೇಳಿದ ಕಾಲ, ಲೆಕ್ಕ ಎಲ್ಲ ಚಿಕ್ಕಮಗಳೂರು ಪೇಟೆಯ ಹವೆಗೆ ಹೊಂದುವಂಥದ್ದು. ಹಾಸನ, ಬೇಲೂರಿನವರೂ ಹಾಗೇ ಬಳಸಬಹುದು. ಮೂಡಿಗೆರೆ, ಸಕಲೇಶಪುರದಂಥ ಜಾಸ್ತಿ ಮಳೆಯ ಊರಿಗೂ ಕಡೂರು, ಅರಸೀಕೆರೆಯಂಥ ಒಣ ಊರಿಗೂ ಎಲ್ಲಿ ಬದಲಾಗುತ್ತದೋ ಅಲ್ಲಿ ಹೇಳಿದ್ದೇನೆ.

ಎದ್ದ ಬೇರಿನ ಬೋನ್ಸಾಯ್ ಅಂದರೆ ಏನು?

ಬೋನ್ಸಾಯ್ ಅಂದರೆ ಮರವನ್ನು ಕುಂಡದಲ್ಲಿ ಕುಳ್ಳಗೆ ಬೆಳೆಸುವ ಕಲೆ. ಸಾಮಾನ್ಯ ಬೋನ್ಸಾಯ್‌ನಲ್ಲಿ ಕಾಂಡ ನೇರ ಮಣ್ಣಿನಿಂದ ಏಳುತ್ತದೆ. ಇದರಲ್ಲಿ ಹಾಗಲ್ಲ. ಕಾಂಡ ಶುರುವಾಗುವ ಜಾಗವೇ ಮಣ್ಣಿನಿಂದ ಒಂದು ಗೇಣು ಮೇಲಿರುತ್ತದೆ. ಅಲ್ಲಿಂದ ಕೆಳಕ್ಕೆ ಐದಾರು ಬೇರುಗಳು ಗಾಳಿಯಲ್ಲೇ ಇಳಿದು ಮಣ್ಣು ಸೇರುತ್ತವೆ. ಜಪಾನಿನಲ್ಲಿ ಇದಕ್ಕೆ ನೆಅಗಾರಿ ಅನ್ನುತ್ತಾರೆ. ನೆ ಅಂದರೆ ಬೇರು, ಅಗಾರಿ ಅಂದರೆ ಮೇಲೆದ್ದದ್ದು. ಅಲ್ಲಿ ಕಪ್ಪು ಪೈನ್, ಸತ್ಸುಕಿ ಅಜೇಲಿಯಾದಂಥ ಗಿಡಗಳಲ್ಲಿ ಇದನ್ನು ಮಾಡುತ್ತಾರೆ.

ನಿಜವಾದ ಮರ ಹೀಗೆ ಬೆಳೆಯುತ್ತದಾ? ನೋಡಿದರೆ ಕೃತಕ ಅನ್ನಿಸುತ್ತದೆ.

ಖಂಡಿತ ಬೆಳೆಯುತ್ತದೆ. ನೋಡಲು ಜಪಾನಿಗೆ ಹೋಗಬೇಕಿಲ್ಲ. ಚಾರ್ಮಾಡಿ ಘಾಟಿಯಲ್ಲಿ ಇಳಿಯುವಾಗ ರಸ್ತೆ ಪಕ್ಕದ ಧರೆ ನೋಡಿ. ವರ್ಷ ವರ್ಷದ ಮಳೆಗೆ ಮಣ್ಣು ಸ್ವಲ್ಪ ಸ್ವಲ್ಪವೇ ಕೊಚ್ಚಿ ಹೋಗಿ, ಅಂಚಿನ ಮರಗಳ ಬೇರು ಹೊರಗೆ ಬಂದಿರುತ್ತದೆ. ಹಳ್ಳದ ದಂಡೆಯ ಮರಗಳದ್ದೂ ಅದೇ ಕಥೆ. ಮಣ್ಣು ಹೋದಷ್ಟೂ ಬೇರು ಇನ್ನೂ ಕೆಳಗೆ ಇಳಿದು ಹಿಡಿದುಕೊಳ್ಳುತ್ತದೆ. ಹೊರಗೆ ಉಳಿದ ಬೇರು ಕಾಂಡದ ಹಾಗೆ ತೊಗಟೆ ಕಟ್ಟಿಕೊಳ್ಳುತ್ತದೆ.

2019ರ ಆಗಸ್ಟ್ ಮಳೆಯಲ್ಲಿ ಅದೇ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆಯಿತಲ್ಲ, ಆ ತರಹ ಒಂದೇ ಸಲ ಧರೆ ಕುಸಿದರೆ ಮರವೂ ಅದರ ಜೊತೆ ಉರುಳುತ್ತದೆ. ನಿಧಾನವಾಗಿ ಮಣ್ಣು ಕಳೆದುಕೊಂಡ ಮರ ಮಾತ್ರ ಬದುಕುತ್ತದೆ. ಈ ಶೈಲಿಯ ಇಡೀ ಕೆಲಸ ಇರುವುದು ಇಷ್ಟರಲ್ಲೇ. ನಾವು ಕುಂಡದಲ್ಲಿ ಮಾಡಬೇಕಾದದ್ದು ಹಳ್ಳದ ಕೆಲಸ, ಗುಡ್ಡ ಕುಸಿತದ ಕೆಲಸ ಅಲ್ಲ.

ಆಲದ ಬಿಳಲೂ ಇದೂ ಒಂದೇನಾ?

ಅಲ್ಲ. ಬಿಳಲು ಕೊಂಬೆಯಿಂದ ಹುಟ್ಟಿ ಕೆಳಗೆ ಇಳಿಯುತ್ತದೆ. ಇಲ್ಲಿನದು ಮಣ್ಣಿನೊಳಗೇ ಹುಟ್ಟಿದ ಬೇರು. ಮೇಲಿನ ಮಣ್ಣು ಹೋಗಿದ್ದರಿಂದ ಕಾಣುತ್ತಿದೆ. ಇನ್ನೊಂದು ಶೈಲಿಯಲ್ಲಿ ಬೇರು ಕಲ್ಲನ್ನು ತಬ್ಬಿಕೊಂಡು ಇಳಿಯುತ್ತದೆ, ಅದಕ್ಕೆ ಸೆಕಿಜೋಜು ಅನ್ನುತ್ತಾರೆ. ಅದರಲ್ಲಿ ಆಸರೆಗೆ ಕಲ್ಲಿದೆ. ಎದ್ದ ಬೇರಿನಲ್ಲಿ ಬೇರೇ ಎಲ್ಲ ಭಾರ ಹೊರಬೇಕು.

ನಮ್ಮ ಕಡೆಗೆ ಯಾವ ಗಿಡ ಒಳ್ಳೆಯದು?

ಮೊದಲ ಸಲ ಮಾಡುವವರು ಆಲದ ಜಾತಿಯ ಗಿಡವನ್ನೇ ಹಿಡಿಯಿರಿ. ನರ್ಸರಿಯಲ್ಲಿ ಸುಮ್ನೆ ಫೈಕಸ್ ಅಂತ ಕೇಳಿದರೆ ಕೊಡುತ್ತಾರೆ. ಅದರಲ್ಲಿ ಚಿಕ್ಕ ಎಲೆಯ ಮೈಕ್ರೋಕಾರ್ಪ ಎಲ್ಲಕ್ಕಿಂತ ಸುಲಭ. ಬಸರಿಯೂ ಚೆನ್ನಾಗಿ ಬರುತ್ತದೆ. ಕಾಫಿ ತೋಟದಲ್ಲಿ ನೆರಳಿಗೆ ಬಿಡುವ ಗೋಣಿ, ಅತ್ತಿ ಇವೂ ಅದೇ ಕುಟುಂಬದವು. ಬೇರಿನ ಶಕ್ತಿ ಅವಕ್ಕೂ ಇದೆ, ಆದರೆ ಎಲೆ ದೊಡ್ಡದು. ಚಿಕ್ಕ ಕುಂಡದಲ್ಲಿ ಅಳತೆ ಕೂಡುವುದಿಲ್ಲ.

ಆಲದ ಜಾತಿಯ ದೊಡ್ಡ ಗುಣ ಅಂದರೆ ಬೇರು ಕತ್ತರಿಸಿದರೂ ಬೇಗ ಚಿಗುರುತ್ತದೆ, ಗಾಳಿಗೆ ತೆರೆದುಕೊಂಡರೂ ಸಾಯುವುದಿಲ್ಲ, ಒಂದಕ್ಕೊಂದು ತಾಗಿದ ಬೇರುಗಳು ವರ್ಷ ಕಳೆದಂತೆ ಬೆಸೆದುಕೊಳ್ಳುತ್ತವೆ. ಬೇರೆ ಬೇರೆ ಕಾಲುಗಳೇ ಬೇಕು ಅನ್ನುವವರು ನಡುವೆ ಸಣ್ಣ ಕಲ್ಲು ಸಿಕ್ಕಿಸಿ ಬೆಳೆಸಬೇಕು.

ಕಡೂರು, ಅರಸೀಕೆರೆ ಕಡೆಯವರಿಗೆ ಅಡೇನಿಯಂ (ಬುಡ ಊದುವ ಹೂಗಿಡ) ಕೂಡ ಆಗುತ್ತದೆ. ಕುಂಡ ಬದಲಿಸುವಾಗಲೆಲ್ಲ ಅದನ್ನು ಒಂದಿಷ್ಟು ಮೇಲೆತ್ತಿ ನೆಟ್ಟರೆ ಸಾಕು, ಬೇರು ತಾನಾಗಿ ಉಬ್ಬುತ್ತದೆ. ಅದರ ಹಾಲು ವಿಷ, ಮಕ್ಕಳಿರುವ ಮನೆಯಲ್ಲಿ ಜೋಪಾನ. ಮೂಡಿಗೆರೆ ಮಳೆಗೆ ಅಡೇನಿಯಂ ಇಟ್ಟರೆ ಕೊಳೆಯುತ್ತದೆ. ಬೋಗನ್‌ವಿಲ್ಲಾ ಚೆಂದ ನಿಜ. ಆದರೆ ಅದರ ಬೇರು ನಾಜೂಕು, ಎಳೆದರೆ ಮುರಿಯುತ್ತದೆ. ಎರಡನೇ, ಮೂರನೇ ಗಿಡಕ್ಕೆ ಇಟ್ಟುಕೊಳ್ಳಿ.

ಕಾಫಿ ಗಿಡದಲ್ಲಿ ಮಾಡಬಹುದಾ?

ತೋಟದವರೆಲ್ಲ ಕೇಳುವ ಪ್ರಶ್ನೆ ಇದು, ಆಸೆ ಸಹಜವೇ. ಕುಂಡದಲ್ಲಿ ಕಾಫಿ ಬೆಳೆಸಬಹುದು, ಹೂವೂ ಬಿಡಬಹುದು. ಎದ್ದ ಬೇರಿಗೆ ಮಾತ್ರ ಅದು ಹೊಂದುವುದಿಲ್ಲ. ಕಾಫಿ ತಾಯಿಬೇರನ್ನು ನಂಬಿ ನಿಲ್ಲುವ ಗಿಡ. ಪಕ್ಕದ ಬೇರುಗಳು ಹೆಚ್ಚಿನವು ಮೇಲ್ಮಣ್ಣಿನಲ್ಲಿ ಸಣ್ಣಗೆ ಹರಡಿರುತ್ತವೆ, ಕಾಲಿನಷ್ಟು ಗಟ್ಟಿ ಆಗುವುದಿಲ್ಲ. ಎಲೆಯೂ ಉದ್ದ. ತೋಟದಿಂದ ಏನಾದರೂ ತರಬೇಕು ಅಂದರೆ ಕಾಫಿ ಬುಡದಲ್ಲಿ ಹಕ್ಕಿ ಹಾಕಿದ ಬೀಜದಿಂದ ಎದ್ದ ಬಸರಿ ಸಸಿ ತನ್ನಿ.

ಗಿಡ ಎಲ್ಲಿಂದ ತರುವುದು? ಕಾಡಿನಿಂದ ಕಿತ್ತರೆ?

ಕಾಡಿನಿಂದ ಬೇಡವೇ ಬೇಡ. ಭದ್ರಾ, ಕುದುರೆಮುಖದಂಥ ರಕ್ಷಿತ ಕಾಡಿನಿಂದ ಗಿಡ ಕೀಳುವುದು ಅಪರಾಧ. ಶೋಲಾ ಕಾಡಿನಲ್ಲಿ ಗಾಳಿಗೆ ಕುಳ್ಳಗಾಗಿ ಬೆಳೆದ ಮರ ನೋಡಿದರೆ ಆಸೆಯಾಗುತ್ತದೆ, ಗೊತ್ತು. ನೋಡಿ, ಚಿತ್ರ ಬರೆದುಕೊಳ್ಳಿ, ಅಲ್ಲೇ ಬಿಟ್ಟು ಬನ್ನಿ. ಕಿತ್ತರೆ ಬದುಕುವುದೂ ಅಪರೂಪ.

ನನಗೆ ಅತ್ಯುತ್ತಮ ಗಿಡಗಳು ಸಿಕ್ಕಿದ್ದು ಹಳೇ ಗೋಡೆಗಳಲ್ಲಿ. ಕಾಂಪೌಂಡು, ಬಾವಿ ಕಟ್ಟೆ, ಹೆಂಚಿನ ಮನೆಯ ಸೂರಿನ ಸಂದಿ, ಇಲ್ಲೆಲ್ಲ ಹಕ್ಕಿ ಹಿಕ್ಕೆಯಿಂದ ಆಲ, ಅರಳಿ, ಬಸರಿ ಮೊಳೆಯುತ್ತವೆ. ಮಣ್ಣಿಲ್ಲದ ಕಲ್ಲು ಸಂದಿಯಲ್ಲಿ ನೀರು ಹುಡುಕುತ್ತಾ ಆ ಬೇರು ಆಗಲೇ ಉದ್ದ ಆಗಿರುತ್ತದೆ. ನಿಮ್ಮ ಅರ್ಧ ಕೆಲಸ ಗೋಡೆಯೇ ಮಾಡಿ ಕೊಟ್ಟಿರುತ್ತದೆ. ಮನೆಯವರೂ ಗೋಡೆ ಬಿರುಕು ಬಿಡುತ್ತದೆ ಅಂತ ಹೇಗೂ ಕೀಳಿಸುತ್ತಾರೆ. ಕೇಳಿ ತೆಗೆದುಕೊಳ್ಳಿ. ಬೇಲೂರು, ಹಳೇಬೀಡಿನಂಥ ಹಳೇ ದೇವಸ್ಥಾನಗಳ ಗೋಡೆಗೆ ಮಾತ್ರ ಕೈ ಹಾಕಬೇಡಿ, ಅದು ಸಂರಕ್ಷಿತ ಸ್ಮಾರಕ.

ಅದೂ ಸಿಗದಿದ್ದರೆ ನರ್ಸರಿಯ ತೊಟ್ಟೆ (ಪ್ಲಾಸ್ಟಿಕ್ ಚೀಲ) ಗಿಡ ಸಾಕು. ಹೆಬ್ಬೆರಳು ಗಾತ್ರದ ಕಾಂಡ ಇದ್ದರೆ ಒಳ್ಳೆಯದು.

ನರ್ಸರಿಯಲ್ಲಿ ಗೆಣಸಿನ ಹಾಗೆ ಬೇರು ಊದಿದ ಫೈಕಸ್ ಸಿಗುತ್ತದಲ್ಲ, ಅದೇ ಇದಾ?

ಅದನ್ನು ಜಿನ್ಸೆಂಗ್ ಫೈಕಸ್ ಅಂತ ಮಾರುತ್ತಾರೆ. ಬೀಜದ ಗಿಡದ ಬೇರನ್ನು ನೆಲದಲ್ಲಿ ಊದಿಸಿ, ಆಮೇಲೆ ಮೇಲೆತ್ತಿ ನೆಟ್ಟು, ಚಿಕ್ಕ ಎಲೆಯ ಜಾತಿ ಕಸಿ ಮಾಡಿರುತ್ತಾರೆ. ಬೇರು ಎದ್ದಿರುವುದು ನಿಜ. ಆದರೆ ನನ್ನ ಕಣ್ಣಿಗೆ ಅದರಲ್ಲಿ ಮಳೆ ಹೊಡೆತ ತಿಂದ ಮರ ಕಾಣುವುದಿಲ್ಲ. ಅಭ್ಯಾಸಕ್ಕೆ, ನೀರು ಹಾಕುವ ಹದ ಕಲಿಯುವುದಕ್ಕೆ ಅದು ಒಳ್ಳೆಯ ಗಿಡ. ಸುಲಭಕ್ಕೆ ಸಾಯುವುದಿಲ್ಲ.

ಬೇರನ್ನು ಉದ್ದ ಮಾಡುವುದು ಹೇಗೆ?

ಇದು ಮುಖ್ಯ ಪ್ರಶ್ನೆ, ಸ್ವಲ್ಪ ನಿಧಾನವಾಗಿ ಓದಿ.

ಕಾಲ ಮೊದಲು. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತದೆ ಅನ್ನುತ್ತಾರಲ್ಲ, ಅದು ಹೋದ ಮೇಲೆ ಶುರು ಮಾಡಿ. ಫೈಕಸ್ ಚಿಗುರಲು ತೊಡಗುವ ಹೊತ್ತು ಅದು. ಹೂ ಮಳೆ (ಕಾಫಿ ಹೂವು ಅರಳಿಸುವ ಬೇಸಿಗೆ ಮಳೆ) ಬೀಳುವ ಹೊತ್ತಿಗೆ ಗಿಡ ಸುಧಾರಿಸಿಕೊಂಡಿರುತ್ತದೆ.

ಗಿಡವನ್ನು ತೊಟ್ಟೆಯಿಂದ ಬಿಡಿಸಿ ಬಕೆಟ್ ನೀರಿನಲ್ಲಿ ಅದ್ದಿ ಬೇರಿನ ಮಣ್ಣನ್ನೆಲ್ಲ ತೊಳೆಯಿರಿ. ನೇರ ಇಳಿದ ತಾಯಿಬೇರಿದ್ದರೆ ಮೋಟಾಗಿ ಕತ್ತರಿಸಿ. ಆಗ ಪಕ್ಕದ ಬೇರುಗಳಿಗೆ ಬಲ ಬರುತ್ತದೆ. ಚೆನ್ನಾಗಿರುವ ಐದರಿಂದ ಎಂಟು ಬೇರು ಉಳಿಸಿಕೊಂಡು, ಅಡ್ಡ ಬಂದದ್ದು, ತೀರಾ ಎಳೆಯಂತಿರುವುದು ತೆಗೆಯಿರಿ. ಕತ್ತರಿಸಿದಲ್ಲಿ ಹಾಲು ಸುರಿಯುತ್ತದೆ, ಗಾಬರಿ ಬೇಡ. ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ ಅಷ್ಟೇ. ಉಳಿದ ಬೇರುಗಳನ್ನು ಕೆಳಮುಖ ಮಾಡಿ ತೆಂಗಿನ ನಾರಿನಿಂದ ಸಡಿಲವಾಗಿ ಕಟ್ಟಿ.

ಈಗ ಅಗಲವಾದ ಒಂದು ಕುಂಡಕ್ಕೆ ಗೊಬ್ಬರ ಬೆರೆಸಿದ ಒಳ್ಳೆಯ ಮಣ್ಣು ತುಂಬಿ. ಅದರ ಮೇಲೆ ಎತ್ತರದ ಕೊಳವೆಯಂಥದ್ದೊಂದು ನಿಲ್ಲಿಸಬೇಕು. ಹಲವರು 4 ಇಂಚಿನ ಪಿವಿಸಿ ಪೈಪ್ ಬಳಸುತ್ತಾರೆ. ಎರಡು ಲೀಟರ್ ನೀರಿನ ಬಾಟಲಿಯ ತಳ, ಕತ್ತು ಕತ್ತರಿಸಿಯೂ ಮಾಡಬಹುದು. ನಾನು ಕಾಫಿ ಸಸಿ ಹಾಕುವ ಕಪ್ಪು ತೊಟ್ಟೆಯ ತಳ ಕತ್ತರಿಸಿ ಬಳಸುತ್ತೇನೆ. ಎತ್ತರ ಸಾಲದಿದ್ದರೆ ಒಂದರೊಳಗೊಂದು ತೂರಿಸಿ ಎರಡು. ತೊಟ್ಟೆಯ ಲಾಭ ಏನೆಂದರೆ ಮುಂದೆ ಮಣ್ಣು ಇಳಿಸುವಾಗ ಕತ್ತರಿಯಿಂದ ಒಂದೊಂದೇ ಇಂಚು ಕತ್ತರಿಸುತ್ತಾ ಬರಬಹುದು. ಪೈಪ್ ಆದರೆ ಗರಗಸ ಹಿಡಿಯಬೇಕು, ಗಿಡ ಅಲುಗುತ್ತದೆ. ತೊಟ್ಟೆ ಬಾಗದ ಹಾಗೆ ಸುತ್ತ ನಾಲ್ಕು ಬಿದಿರ ಕಡ್ಡಿ ಹುಗಿದು ಕಟ್ಟಿ.

ಗಿಡವನ್ನು ಕೊಳವೆಯ ಬಾಯಲ್ಲಿ ಕೂರಿಸಿ, ಬೇರು ಒಳಗೆ ಇಳಿಬಿಟ್ಟು, ದಪ್ಪ ಮರಳು ಮತ್ತು ಇಟ್ಟಿಗೆ ಚೂರು ತುಂಬಿ. ಕಡ್ಡಿಯಿಂದ ಮೆಲ್ಲಗೆ ಚುಚ್ಚಿ ಸಂದಿಗಳಿಗೆ ಇಳಿಸಿ, ಟೊಳ್ಳು ಉಳಿಯಬಾರದು. ಕೊಳವೆಯಲ್ಲಿ ಊಟ ಇಲ್ಲ, ಕೆಳಗಿನ ಕುಂಡದಲ್ಲಿ ಇದೆ. ನೀರೂ ಕೆಳಗೇ ಜಾಸ್ತಿ ಹೊತ್ತು ನಿಲ್ಲುತ್ತದೆ. ಹಾಗಾಗಿ ಬೇರು ಇಳಿಯುತ್ತದೆ. ಮೊದಲ ಎರಡು ವಾರ ನೆರಳಲ್ಲಿಡಿ, ಆಮೇಲೆ ಬಿಸಿಲಿಗೆ ತನ್ನಿ. ಕೊಂಬೆ ಕತ್ತರಿಸಬೇಡಿ. ಮೇಲೆ ಎಲೆ ಎಷ್ಟಿದೆಯೋ ಕೆಳಗೆ ಬೇರು ಅಷ್ಟು ಬೆಳೆಯುತ್ತದೆ. ಗಿಡ ಪೊದೆಯ ಹಾಗೆ ಕೆದರಿಕೊಂಡು ಕೆಟ್ಟದಾಗಿ ಕಂಡರೂ ಒಂದು ವರ್ಷ ಸಹಿಸಿಕೊಳ್ಳಿ.

ಮಣ್ಣಿನ ಮಿಶ್ರಣ ಏನು?

ಕೆಳಗಿನ ಕುಂಡಕ್ಕೆ ಕೆಂಪು ಮಣ್ಣು, ದಪ್ಪ ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮ ಸಮ, ಮೇಲೊಂದು ಹಿಡಿ ಬೇವಿನ ಹಿಂಡಿ. ಎಂ ಸ್ಯಾಂಡ್ ಆದರೆ ತೊಳೆದು ಪುಡಿ ತೆಗೆಯಿರಿ, ಇಲ್ಲದಿದ್ದರೆ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಕಾಫಿ ಸಿಪ್ಪೆ ಗೊಬ್ಬರ ಪೂರ್ತಿ ಕಳಿತಿದ್ದರೆ ಮಾತ್ರ ಹಾಕಿ. ಮಲೆನಾಡಿನ ಕಡೆ ಮರಳಿನ ಪಾಲು ಹೆಚ್ಚಿಸಿ.

ಮಣ್ಣು ಯಾವಾಗ, ಎಷ್ಟು ತೆಗೆಯಬೇಕು?

ಗಿಡ ಹಾಳಾಗುವುದು ಬಹುತೇಕ ಇಲ್ಲೇ. ನನ್ನ ಮೊದಲ ಗಿಡವೂ ಇಲ್ಲೇ ಹೋಯಿತು. ಹದಿನಾಲ್ಕು ತಿಂಗಳು ಕಾದಿದ್ದೆ. ಬೇರು ನೋಡುವ ಆತುರ ತಡೆಯಲಾಗಲಿಲ್ಲ. ಮಾರ್ಚ್ ತಿಂಗಳ ಒಂದು ಭಾನುವಾರ ಇಡೀ ಕೊಳವೆ ಬಿಚ್ಚಿ ಮಣ್ಣು ತೊಳೆದೆ. ಎಂಟು ಇಂಚಿನ ಬೇರುಗಳು, ಎಷ್ಟು ಚೆಂದ ಇದ್ದವು! ಮೂರನೇ ದಿನ ಎಲೆ ಜೋತಿತು. ಮೂರು ವಾರದಲ್ಲಿ ಗಿಡ ಒಣಗಿತು. ಆ ಬೇರುಗಳಿನ್ನೂ ಬಿಳಿ ಬಣ್ಣದ ಎಳೆಯವು, ಹೊರಗಿನ ಗಾಳಿಗೆ ತಯಾರಾಗಿರಲಿಲ್ಲ. ಗಿಡ ನೀರು ಕುಡಿಯುತ್ತಿದ್ದ ಸಣ್ಣ ಬೇರುಗಳೂ ಕೊಳವೆಯೊಳಗೇ ಇದ್ದವು, ಕೆಳಗಿನ ಕುಂಡಕ್ಕೆ ಸಾಕಷ್ಟು ಇಳಿದಿರಲಿಲ್ಲ.

ಈಗ ನಾನು ಮಾಡುವುದು ಹೀಗೆ. ಮೊದಲು ಕೆಳಗಿನ ಕುಂಡದ ತೂತುಗಳಲ್ಲಿ ಬೇರು ಇಣುಕುವವರೆಗೆ ಕಾಯುತ್ತೇನೆ. ಫೈಕಸ್‌ಗೆ ಒಂದರಿಂದ ಒಂದೂವರೆ ವರ್ಷ ಬೇಕು. ಆಮೇಲೆ ಮೇಲಿನಿಂದ ಒಂದು ಇಂಚು ಮಾತ್ರ ಬಿಡಿಸುತ್ತೇನೆ. ಹೊರಬಂದ ಬೇರಿಗೆ ಒದ್ದೆ ಗೋಣಿ ಚೀಲದ ತುಂಡು ಸುತ್ತಿ ಒಂದು ವಾರ ಬಿಡುತ್ತೇನೆ. ಬೇರು ಕಂದು ಬಣ್ಣಕ್ಕೆ ತಿರುಗಿ, ಮೇಲೆ ಹೊಸ ಚಿಗುರು ಬಂದರೆ ಮುಂದಿನ ಇಂಚು. ಬೆಳೆಯುವ ಕಾಲದಲ್ಲಿ ಇದಕ್ಕೆ ಮೂರರಿಂದ ನಾಲ್ಕು ವಾರ ಹಿಡಿಯುತ್ತದೆ. ಚಿಗುರು ಬರದಿದ್ದರೆ ಎಷ್ಟು ವಾರವಾದರೂ ಸರಿ, ಕೈ ಹಾಕುವುದಿಲ್ಲ. ಪೆನ್ಸಿಲ್‌ಗಿಂತ ಸಣ್ಣ ಬೇರನ್ನು ಹೊರಗೆ ತರಬೇಡಿ. ನವೆಂಬರ್‌ನಿಂದ ಜನವರಿವರೆಗೆ ನಮ್ಮಲ್ಲಿ ರಾತ್ರಿ ಚಳಿ ಇರುತ್ತದೆ, ಫೈಕಸ್ ನಿದ್ದೆಯಲ್ಲಿರುತ್ತದೆ, ಆಗಲೂ ಬೇಡ.

ನಡುವೆ ಸಿಗುವ ಕೂದಲಿನಂಥ ಬೇರುಗಳನ್ನು ಹೊರಬಂದ ಭಾಗದಿಂದ ಕತ್ತರಿಸಿ ತೆಗೆಯಿರಿ. ಗಾಳಿಯಲ್ಲಿ ಅವು ಹೇಗೂ ಒಣಗುತ್ತವೆ.

ಹೊರಬಂದ ಮೇಲೆ ಬೇರು ದಪ್ಪ ಆಗುತ್ತದಾ?

ಆಗುತ್ತದೆ, ಆದರೆ ಬಹಳ ನಿಧಾನ. ಬೇಗ ದಪ್ಪ ಆಗುವುದು ಮಣ್ಣಿನೊಳಗೆ. ಅದಕ್ಕೇ ಆತುರ ಬೇಡ ಅನ್ನುವುದು. ಕೊಳವೆಯಲ್ಲಿ ಇನ್ನೊಂದು ವರ್ಷ ಜಾಸ್ತಿ ಬಿಟ್ಟರೆ ನಷ್ಟ ಏನೂ ಇಲ್ಲ.

ಮಳೆಗಾಲದಲ್ಲಿ ಏನು ಮಾಡಬೇಕು?

ಮೃಗಶಿರಾ ಮಳೆಯ ಹದಕ್ಕೆ ಬೇರು ಬಿಡಿಸುವುದು ನನಗೆ ಇಷ್ಟ. ಗಾಳಿಯಲ್ಲೇ ತೇವ ಇರುತ್ತದೆ, ಹೊಸ ಬೇರು ಒಣಗುವುದಿಲ್ಲ. ಆರಿದ್ರಾ ಹಿಡಿದ ಮೇಲೆ ನಿಲ್ಲಿಸಿ. ಅಲ್ಲಿಂದ ಮುಂದೆ ಪುನರ್ವಸು, ಪುಷ್ಯ ಮುಗಿಯುವವರೆಗೆ ಗಿಡವನ್ನು ಉಳಿಸಿಕೊಳ್ಳುವುದೇ ಕೆಲಸ.

ಕುಂಡದ ತಳಕ್ಕೆ ಎರಡು ಇಟ್ಟಿಗೆ ಕೊಟ್ಟು ಎತ್ತಿಡಿ, ನೀರು ಹರಿದು ಹೋಗಲಿ. ಹೆಂಚಿನ ಸೂರಿನ ನೀರು ನೇರ ಬೀಳುವ ಜಾಗ ಬೇಡ. ಒಂದು ರಾತ್ರಿಯ ಸೂರು ನೀರಿಗೆ ನನ್ನ ಒಂದು ಗಿಡದ ಕುಂಡದ ಮಣ್ಣೆಲ್ಲ ತೊಳೆದು ಹೋಗಿ, ಬೆಳಿಗ್ಗೆ ಗಿಡ ಮಗುಚಿ ಬಿದ್ದಿತ್ತು. ಗಾಳಿಗೂ ಹಾಗೇ. ಎದ್ದ ಬೇರಿನ ಗಿಡಕ್ಕೆ ಭಾರ ಮೇಲೆ, ಹಿಡಿತ ಕೆಳಗೆ. ಅಲ್ಯೂಮಿನಿಯಂ ತಂತಿಯಿಂದ ಬೇರನ್ನು ಕುಂಡದ ತೂತಿಗೆ ಕಟ್ಟಲೇಬೇಕು. ತಂತಿ ಬೇರಿಗೆ ತಾಗುವ ಕಡೆ ರಬ್ಬರ್ ತುಂಡು ಇಡಿ.

ಪಾಚಿ ಬಗ್ಗೆ ಜಾಗ್ರತೆ. ಬೇರಿನ ಮೇಲೆ ಹಸಿರು ಪಾಚಿ ಕಂಡರೆ ಎಲ್ಲರಿಗೂ ಖುಷಿ. ಫೋಟೋಗೆ ಚೆನ್ನಾಗಿಯೂ ಇರುತ್ತದೆ. ಆದರೆ ಎರಡು ತಿಂಗಳು ಹಾಗೇ ಬಿಟ್ಟರೆ ತೊಗಟೆ ಮೆತ್ತಗಾಗಿ ಕೊಳೆಯಲು ಶುರುವಾಗುತ್ತದೆ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಹದಿನೈದು ದಿನಕ್ಕೊಮ್ಮೆ ಮೆಲ್ಲಗೆ ಉಜ್ಜಿ. ಕುಂಡದ ಮಣ್ಣಿನ ಮೇಲೆ ಪಾಚಿ ಇದ್ದರೆ ತೊಂದರೆಯಿಲ್ಲ. ಕೊಟ್ಟಿಗೆಹಾರದಂಥ ಕಡೆ ಬಿಸಿಲೇ ಕಾಣದ ವಾರಗಳಿರುತ್ತವೆ. ಅಲ್ಲಿಯವರು ಪಾರದರ್ಶಕ ಶೀಟ್ ಹಾಕಿದ ಮಾಡಿನ ಕೆಳಗೆ ಇಡುವುದು ಒಳ್ಳೆಯದು. ಬಸವನ ಹುಳುಗಳನ್ನು ಸಂಜೆ ಟಾರ್ಚ್ ಹಿಡಿದು ಹೆಕ್ಕಬೇಕು, ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ.

ಬೇಸಿಗೆಯಲ್ಲಿ ನೀರು?

ಕುಂಡದ ಮೇಲ್ಮಣ್ಣು ಬೆರಳಿಗೆ ಒಣ ಅನ್ನಿಸಿದಾಗ, ತಳದಿಂದ ಹರಿಯುವಷ್ಟು ಹಾಕಿ. ಮಾರ್ಚ್, ಏಪ್ರಿಲ್‌ನಲ್ಲಿ ಬೆಳಿಗ್ಗೆ ಸಂಜೆ ಎರಡು ಹೊತ್ತು ಬೇಕಾಗಬಹುದು. ಈಚೆಗೆ ಬಿಡಿಸಿದ ಬೇರಿಗೆ ಮಾತ್ರ ಸ್ಪ್ರೇ ಮಾಡಿ. ತೊಗಟೆ ಬಲಿತ ಬೇರಿಗೆ ಅದು ಬೇಕಿಲ್ಲ.

ಬೇರು ಎಷ್ಟಿರಬೇಕು, ಎಷ್ಟು ಉದ್ದ ಇರಬೇಕು?

ಕಟ್ಟುನಿಟ್ಟಾದ ನಿಯಮ ಇಲ್ಲ. ಬೇರಿನ ಭಾಗ ಮತ್ತು ಮೇಲಿನ ಭಾಗ ಸರಿಯಾಗಿ ಅರ್ಧರ್ಧ ಇದ್ದರೆ ನೋಟ ಸಪ್ಪೆ ಅನ್ನಿಸುತ್ತದೆ. ಒಂದು ಕಡೆ ತೂಕ ಜಾಸ್ತಿ ಇರಲಿ. ಮೂರು ಬೇರಿನ ಮೇಲೂ ಗಿಡ ಚೆನ್ನಾಗಿ ನಿಲ್ಲುತ್ತದೆ. ಎಲ್ಲ ಬೇರೂ ಒಂದೇ ದಪ್ಪ, ಒಂದೇ ನೇರ ಇದ್ದರೆ ಸ್ಟೂಲಿನ ಕಾಲಿನ ಹಾಗೆ ಕಾಣುತ್ತದೆ. ಒಂದು ದಪ್ಪ, ಒಂದು ಬಾಗಿದ್ದು, ಒಂದು ಇನ್ನೊಂದರ ಹಿಂದೆ ಸರಿದದ್ದು, ಹಾಗಿರಲಿ. ಕೊಂಬೆಗಳಿಗೂ ಬೇರಿನ ಬಾಗು ಬಳುಕು ಬರಬೇಕು. ಕೆಳಗೆ ತಿರುಚಿದ ಬೇರು, ಮೇಲೆ ಛತ್ರಿಯಂತೆ ಗುಂಡಗೆ ಕತ್ತರಿಸಿದ ಎಲೆ, ಇವೆರಡೂ ಒಂದೇ ಮರದ್ದು ಅಂತ ಅನ್ನಿಸುವುದೇ ಇಲ್ಲ.

ಬೇರಿನ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಕಾಣುತ್ತಿದೆ.

ಹಿಟ್ಟು ತಿಗಣೆ. ಕಾಫಿ ಬೆಳೆಯುವವರಿಗೆ ಹೊಸದೇನಲ್ಲ. ಇರುವೆ ಓಡಾಟ ಇದ್ದರೆ ಅವೇ ಅದನ್ನು ಸಾಕುತ್ತಿರುತ್ತವೆ, ಮೊದಲು ಇರುವೆಯ ದಾರಿ ಕಟ್ಟಿ. ಕುಂಡದ ಕೆಳಗಿನ ತಟ್ಟೆಗೆ ನೀರು ತುಂಬಿ, ಕುಂಡ ನೀರಿಗೆ ತಾಗದಂತೆ ಇಟ್ಟಿಗೆ ಮೇಲಿಟ್ಟರೆ ಸಾಕು. ತಿಗಣೆಯನ್ನು ಬ್ರಷ್‌ನಿಂದ ಉಜ್ಜಿ ತೆಗೆದು, ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪು ಕಲಸಿ ಸಂಜೆ ಹೊತ್ತು ಸಿಂಪಡಿಸಿ. ವಾರ ಬಿಟ್ಟು ಇನ್ನೆರಡು ಸಲ ಮಾಡಿ.

ಗಿಡಕ್ಕೆ ಇದು ಹಿಂಸೆ ಅಲ್ವಾ?

ಈ ಪ್ರಶ್ನೆ ಕೇಳುವವರ ಮನಸ್ಸನ್ನು ನಾನು ಗೌರವಿಸುತ್ತೇನೆ. ಗಿಡ ಸಂಕಟದಲ್ಲಿದ್ದರೆ ಅದು ಎಲೆ ಉದುರಿಸಿ, ಚಿಗುರು ನಿಲ್ಲಿಸಿ ತೋರಿಸುತ್ತದೆ. ಚೆನ್ನಾಗಿ ನೋಡಿಕೊಂಡ ಬೋನ್ಸಾಯ್ ವರ್ಷ ವರ್ಷ ಚಿಗುರುತ್ತದೆ, ಕಾಯಿ ಬಿಡುತ್ತದೆ. ಹಿರೋಷಿಮಾದ ಬಾಂಬ್ ದಾಳಿಯಲ್ಲಿ ಉಳಿದುಕೊಂಡ ಒಂದು ಬೋನ್ಸಾಯ್ ಪೈನ್ ಮರವನ್ನು ಜಪಾನಿನವರು 1976ರಲ್ಲಿ ಅಮೆರಿಕಕ್ಕೆ ಉಡುಗೊರೆ ಕೊಟ್ಟರು. ಅದನ್ನು ಕುಂಡದಲ್ಲಿ ಬೆಳೆಸಲು ಶುರು ಮಾಡಿದ್ದು 1625ರಲ್ಲಿ ಅನ್ನುತ್ತಾರೆ. ಹಿಂಸೆ ಆಗುವುದು ನೀರು ಮರೆತಾಗ, ಆತುರಪಟ್ಟು ಬೇರು ಬಿಚ್ಚಿದಾಗ. ಅದನ್ನು ನಾನೇ ಮಾಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಅರಳಿಯನ್ನು ಮನೆಯಲ್ಲಿ ಬೆಳೆಸಬಾರದು ಅಂತ ಅಜ್ಜಿ ಹೇಳುತ್ತಾರೆ.

ಅಜ್ಜಿಯ ಮನಸ್ಸು ನೋಯಿಸಬೇಡಿ. ಬಸರಿ, ಮೈಕ್ರೋಕಾರ್ಪ ಇವೆಯಲ್ಲ, ಅದರಲ್ಲಿ ಮಾಡಿ.

ಮನೆಯೊಳಗೆ ಇಡಬಹುದಾ?

ನೆಂಟರು ಬಂದಾಗ ಒಂದೆರಡು ದಿನ. ಉಳಿದಂತೆ ಬಿಸಿಲು ಬೇಕೇ ಬೇಕು.

ಎಷ್ಟು ವರ್ಷ, ಎಷ್ಟು ಖರ್ಚು?

ಫೈಕಸ್ ಆದರೆ ಮೂರರಿಂದ ಐದು ವರ್ಷಕ್ಕೆ ನೋಡುವ ಹಾಗಾಗುತ್ತದೆ. ಗೋಡೆ ಗಿಡ ಸಿಕ್ಕಿದರೆ ಒಂದು ವರ್ಷ ಉಳಿತಾಯ. ಖರ್ಚು ಹೆಚ್ಚಿಲ್ಲ. ತೊಟ್ಟೆ, ಮರಳು, ಗೊಬ್ಬರ ನಮ್ಮ ಕಡೆ ಸುಲಭವಾಗಿ ಸಿಗುತ್ತವೆ. ಒಳ್ಳೆಯ ಕುಂಡವನ್ನು ಬೇರು ಪೂರ್ತಿ ಎದ್ದ ಮೇಲೆ ಕೊಳ್ಳಿ.

ಒಳ್ಳೆಯ ಬೋನ್ಸಾಯ್‌ಗಳನ್ನು ಹತ್ತಿರದಲ್ಲಿ ಎಲ್ಲಿ ನೋಡಬಹುದು?

ಮೈಸೂರಿನಲ್ಲಿ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ ಇದೆ. ಬೆಂಗಳೂರಿನ ಲಾಲ್‌ಬಾಗ್‌ನಲ್ಲೂ ಬೋನ್ಸಾಯ್ ತೋಟ ಇದೆ. ಹೋದಾಗ ಎಲೆಗಿಂತ ಮೊದಲು ಬುಡ ನೋಡಿ, ಬಗ್ಗಿ ನೋಡಿ. ಚಾರ್ಮಾಡಿ, ಕೆಮ್ಮಣ್ಣುಗುಂಡಿ ಕಡೆ ಹೋದಾಗಲೂ ಅಷ್ಟೇ.

ಬೆಕ್ಕು ಬೀಳಿಸಿತು, ಒಂದು ಬೇರು ಮುರಿಯಿತು. ಗಿಡ ಹೋಯಿತಾ?

ಇಲ್ಲ. ಮುರಿದ ತುದಿಯನ್ನು ಹರಿತವಾದ ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಅರಿಶಿನ ಪುಡಿ ಹಚ್ಚಿ. ಮೇಲಿನ ಎಲೆಯನ್ನು ಮೂರರಲ್ಲಿ ಒಂದು ಪಾಲು ಕಡಿಮೆ ಮಾಡಿ, ಗಿಡವನ್ನು ಕಡ್ಡಿಗೆ ಕಟ್ಟಿ ನೆರಳಿಗೆ ಸರಿಸಿ. ಮುರಿದ ಬೇರಿನ ಮೋಟಿಗೆ ಒದ್ದೆ ತೆಂಗಿನ ನಾರು ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಕಟ್ಟಿ, ನಾರು ಒಣಗದಂತೆ ನೋಡಿಕೊಳ್ಳಿ. ಬೆಳೆಯುವ ಕಾಲವಾದರೆ ಐದಾರು ವಾರಕ್ಕೆ ಅಲ್ಲಿಂದ ಹೊಸ ಬೇರು ಬರುತ್ತದೆ. ಅದು ಗೇಣುದ್ದ ಆದಾಗ ಮರಳು ತುಂಬಿದ ಸಣ್ಣ ಕೊಳವೆಯೊಳಗೆ ಬಿಟ್ಟು ಮಣ್ಣಿಗೆ ಮುಟ್ಟಿಸಿ. ನನ್ನ ಬಸರಿಯ ಎಡಗಡೆಯ ಕಾಲು ಹೀಗೇ ಬಂದದ್ದು.